ಆರಿಸುವುದು ನಾನೇ

ಫೆಬ್ರವರಿ 11, ಬುಧವಾರ

ಮತ್ತೆ ಅದೇ ಮಾತು: ‘ಸೌನಾದಲ್ಲಿ ತೀರ್ಮಾನ ಆಯ್ತು.’

ಫಿನ್ಲೆಂಡ್ ಪರ ಇಷ್ಟು ವರ್ಷ ಆಡಿ, ಈಗ ಈ ಊರಿನ ಗಂಡಸರ ಐಸ್ ಹಾಕಿ ತಂಡಕ್ಕೆ ನಾನೇ ಮುಖ್ಯ ಕೋಚ್. ಆದರೂ ಅಭ್ಯಾಸ ಮುಗಿದ ಮೇಲೆ ನನ್ನ ಇಬ್ಬರು ಸಹಾಯಕರು ಬಟ್ಟೆ ಕಳಚಿ ಸೌನಾದಲ್ಲಿ, ಅಂದರೆ ಬಿಸಿ ಹಬೆಯ ಕೋಣೆಯಲ್ಲಿ, ಕುಳಿತು ತಂಡ ಆರಿಸುತ್ತಾರೆ. ಹೆಂಗಸಾದ ನಾನು ಅಲ್ಲಿಗೆ ಹೋಗುವಂತಿಲ್ಲ.

ನಾಳೆಯ ಪಂದ್ಯಕ್ಕೆ ಗೋಲ್‌ಕೀಪರ್ ಎಲ್ಮೆರಿ ಎಂದು ಬೆಳಿಗ್ಗೆಯೇ ಹೇಳಿದ್ದೆ. ಸಂಜೆ ಸೌನಾದ ಬಾಗಿಲಾಚೆ ಅವನನ್ನು ಕೈಬಿಡುವ ಮಾತು ಕೇಳಿಸಿತು. ಸೌನಾ ಕಾಯಿಸುವ ವಿದ್ಯುತ್ ಒಲೆಯ ಸ್ವಿಚ್ ಹೊರಗೋಡೆಯಲ್ಲಿದೆ. ಒತ್ತಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಸಹಾಯಕರಲ್ಲೊಬ್ಬನಾದ ತೌನೊ ಒಳಗಿಂದ ಕೂಗಿದ: “ಯಾವನೋ ಅವ್ನು, ಒಲೆ ಆರಿಸಿದ್ದು?”

“ನಾನು. ತಂಡ ಆರಿಸೋದೂ ನಾನೇ. ಚಡ್ಡಿ ಹಾಕ್ಕೊಂಡು ಹೊರಗೆ ಬನ್ನಿ.”

“ಸಿರ್ಕ್ಕು, ಸೌನಾ ಅಂದ್ರೆ ಚರ್ಚ್ ಇದ್ದಂಗೆ ಕಣೇ!”

“ಹಾಗಾದ್ರೆ ಒಳಗೆ ಪ್ರಾರ್ಥನೆ ಮಾಡ್ರೋ, ರಾಜಕೀಯ ಬೇಡ.”

ಟವೆಲ್ ಸುತ್ತಿಕೊಂಡು ಬಂದು ಇಬ್ಬರೂ ನಡುಗುತ್ತ ಬೆಂಚಿನ ಮೇಲೆ ಕುಳಿತರು. ಎಲ್ಮೆರಿಯೇ ಆಡುತ್ತಾನೆ. ಸೋತರೆ ನನ್ನ ಕೆಲಸ ಹೋಗಬಹುದು. ಹೋಗಲಿ, ನಾನು ಆರಿಸಿದ ತಂಡವೇ ಸೋತಿರುತ್ತದೆ.

ಒಲೆ ಮತ್ತೆ ಹಚ್ಚುವುದನ್ನು ಮರೆತು ಬಂದೆ. ಇಲ್ಲ, ಮರೆತದ್ದೇನಲ್ಲ…