ನಮ್ಮಕ್ಕನ ಮೈತೂಕ ಮತ್ತು ತಮ್ಮ ಸುತ್ತೋಲೆ

ತೂಕದ ಯಂತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುವ ಮಾನ್ಯ ಅಧಿಕಾರಿಗಳೇ,

ಸಿರುಗುಪ್ಪದ ಓಣಿಗಳಲ್ಲಿ ಕೂಸುಗಳಿಗೆ ಲಸಿಕೆ ಹಾಕುವ ನಮ್ಮಕ್ಕ ಚನ್ನಬಸಮ್ಮನ ಗುತ್ತಿಗೆ ಕೆಲಸ ಈ ತಿಂಗಳಿಗೆ ಮುಗಿಯಿತು, ಮುಂದುವರಿಸುವುದಿಲ್ಲ ಎಂದು ತಾವು ಆದೇಶ ಹೊರಡಿಸಿದ್ದೀರಿ. ಆಕೆ ಲಂಚ ತಿಂದಿಲ್ಲ, ಸುಳ್ಳು ರಜೆ ಹಾಕಿ ಮನೆಯಲ್ಲಿ ಮಲಗಿಲ್ಲ, ಯಾವ ಕೂಸಿಗೂ ತಪ್ಪು ಸೂಜಿ ಚುಚ್ಚಿಲ್ಲ. ಆಕೆ ದಪ್ಪಗಿದ್ದಾಳೆ, ಅಷ್ಟೆ. ತಮ್ಮ ಸುತ್ತೋಲೆಯ ಮಾತಿನಲ್ಲೇ ಹೇಳುವುದಾದರೆ, "ದೇಹದ ತೂಕವು ಪ್ರತಿಯೊಬ್ಬರ ಸ್ವಂತ ಆಯ್ಕೆ, ತಪ್ಪು ಆಯ್ಕೆ ಮಾಡಿದವರು ಜನರಿಗೆ ಆರೋಗ್ಯದ ಪಾಠ ಹೇಳಲು ಅರ್ಹರಲ್ಲ." ಎಂಥ ವಾಕ್ಯ, ಮಾನ್ಯರೇ! ಇದನ್ನು ಬರೆದ ಕೈಗೆ ಬಂಗಾರದ ಕಡಗ ತೊಡಿಸಬೇಕು. ಅದಕ್ಕೂ ಮೊದಲು ಆ ಕೈ ಯಾವ ಪುಸ್ತಕ ತಿರುವಿ ಇಷ್ಟು ಜ್ಞಾನ ಸಂಪಾದಿಸಿತು ಎಂಬುದನ್ನು ತಿಳಿಸಿದರೆ ನಮ್ಮಂಥ ಅಜ್ಞಾನಿಗಳೂ ಓದಿಕೊಂಡೇವು.

ಬಳ್ಳಾರಿಯಲ್ಲಿ ತಾವು ನಡೆಸಿದ ತೂಕದ ಶಿಬಿರಕ್ಕೆ ಸಿಬ್ಬಂದಿಯೆಲ್ಲ ಕುಟುಂಬ ಸಮೇತ ಬರಬೇಕೆಂದು ಅಪ್ಪಣೆಯಾಗಿತ್ತು. ಅಕ್ಕನ ಜೊತೆ ನಾನೂ ಬಂದಿದ್ದೆ. ಆಕೆಯನ್ನು ಯಂತ್ರದ ಮೇಲೆ ನಿಲ್ಲಿಸಿ, ಬಂದ ಅಂಕಿಯನ್ನು ಮೈಕಿನಲ್ಲಿ ಓದಿಸಿದಿರಿ. ಸಭೆ ನಕ್ಕಿತು. ಆಮೇಲೆ ನನ್ನತ್ತ ಕೈ ತೋರಿಸಿ, "ನೋಡಮ್ಮಾ, ನಿಮ್ಮ ತಂಗಿಯನ್ನು ನೋಡಿಯಾದರೂ ಕಲಿಯಿರಿ. ಒಂದೇ ಮನೆ, ಒಂದೇ ಅಡುಗೆ. ಎಷ್ಟು ಶಿಸ್ತಾಗಿದ್ದಾರೆ!" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ನನ್ನ ಆ ಶಿಸ್ತಿನ ವಿವರವನ್ನು ಈಗ ಸಾರ್ವಜನಿಕರ ಅವಗಾಹನೆಗೆ ತರುತ್ತಿದ್ದೇನೆ. ಅಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಒಂದು ತಟ್ಟೆ ಮಂಡಕ್ಕಿ ಒಗ್ಗರಣೆಯನ್ನು ಬಿಸಿ ಮಿರ್ಚಿ ಕಡಿದುಕೊಂಡು ತಿಂದು, ಸಾಲದೆಂದು ಇನ್ನೊಂದು ತಟ್ಟೆ ತರಿಸಿಕೊಂಡಿದ್ದೆ. ಅಕ್ಕ ಎದುರಿಗೆ ಕೂತು ಬರೀ ಚಹಾ ಕುಡಿದಳು. ಬಳ್ಳಾರಿಯ ಗಾಂಧಿನಗರದ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ನಾನು ದಿನವಿಡೀ ಫ್ಯಾನಿನ ಕೆಳಗೆ ಕುರ್ಚಿ ಬಿಟ್ಟು ಏಳುವವಳಲ್ಲ. ಆಕೆ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಸಿರುಗುಪ್ಪದ ಬಿಸಿಲಲ್ಲಿ ಓಣಿ ಓಣಿ ಅಲೆಯುವವಳು. ಶಿಸ್ತು ನನ್ನದಂತೆ! ಚಪ್ಪಾಳೆ ಕೇಳಿ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ನಮ್ಮ ಕಡೆ ಮೊಮ್ಮಗಳಿಗೆ ತೀರಿಕೊಂಡ ಅಜ್ಜಿಯ ಹೆಸರಿಡುವುದು ವಾಡಿಕೆ. ಹೆಸರಿನ ಜೊತೆ ಅಜ್ಜಿಯ ಬೆಳ್ಳಿ ಡಾಬು, ಅಂದರೆ ಸೊಂಟದ ಪಟ್ಟಿ, ಆ ಮೊಮ್ಮಗಳಿಗೇ ಸೇರುತ್ತದೆ. ನಮ್ಮಜ್ಜಿ ಚನ್ನಬಸಮ್ಮ ಬದುಕಿರುವವರೆಗೂ ಕಾಲುವೆ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತ ನಾಟಿ ಮಾಡಿದವಳು. ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ, ಬೇಕರಿ ಎಂಬ ಶಬ್ದ ಕೇಳಿದವಳಲ್ಲ. ರೊಟ್ಟಿ, ಪುಂಡಿಪಲ್ಯ, ಅಂಬಲಿ, ಇಷ್ಟೇ ಆಕೆಯ ಆಯ್ಕೆಗಳು. ಆದರೂ ಕಣಜದಂತೆ ಗುಂಡಗಿದ್ದಳು. ಅಕ್ಕ ದೊಡ್ಡವಳಾದ ಮೇಲೆ ಅವ್ವ ಆ ಡಾಬನ್ನು ಆಕೆಯ ಸೊಂಟಕ್ಕೆ ಸುತ್ತಿದಾಗ ಪತ್ತಾರನನ್ನು ಕರೆಸಿ ಅಳತೆ ತಿದ್ದಿಸುವ ಕೆಲಸವೇ ಬೀಳಲಿಲ್ಲ. ಅಜ್ಜಿ ಹಾಕುತ್ತಿದ್ದ ಕೊಂಡಿಗೇ ಸರಿಯಾಗಿ ಕೂತಿತು. "ನಮ್ಮತ್ತಿ ಹೊಳ್ಳಿ ಬಂದಾಳ ನೋಡ್ರಿ" ಎಂದು ಅವ್ವ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಅದನ್ನೇ ನನಗೆ ಕಟ್ಟಿದರೆ ಜಾರಿ ಕಾಲ ಮೇಲೆ ಬಿತ್ತು, ಏಕೆಂದರೆ ನಾನು ಒಣಕಲು ಅಪ್ಪನ ಮಗಳು. ಅಪ್ಪ ಮದುವೆಮನೆಗಳಲ್ಲಿ ಪಂಕ್ತಿಯವರೆಲ್ಲ ಎದ್ದು ಹೋದರೂ ಹೋಳಿಗೆ ಕೇಳುತ್ತಿದ್ದ, ಸಾಯುವಾಗಲೂ ಕಡ್ಡಿಯಂತೆ ಇದ್ದ. ಹುಟ್ಟುವಾಗ ಯಾವ ಮೈ ಬೇಕೆಂದು ನಮ್ಮನ್ನು ಯಾರಾದರೂ ಕೇಳಿದ್ದರೇ? ತಮ್ಮನ್ನು ಕೇಳಿದ್ದರೇ? ಕೇಳಿದ್ದರೆ ತಾವು ಆ ಬೋಳು ತಲೆಯನ್ನೇ ಆಯ್ದುಕೊಳ್ಳುತ್ತಿದ್ದಿರಾ? ನಮ್ಮ ಕುರುಗೋಡಿನ ದೊಡ್ಡಬಸವಣ್ಣನ ದರ್ಶನಕ್ಕೆ ಬರುವಾಗ ದಯವಿಟ್ಟು ಆ ಯಂತ್ರವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಗುಡಿ ತುಂಬ ಕೂತ ಆ ಕಲ್ಲಿನ ನಂದಿಗೂ ನೋಟಿಸು ಕೊಟ್ಟೀರಿ.

ತಿನ್ನುವುದಕ್ಕೂ ಮೈಗೂ ಸಂಬಂಧವೇ ಇಲ್ಲ ಎನ್ನುವಷ್ಟು ದಡ್ಡಿ ನಾನಲ್ಲ. ಕರಿದದ್ದು ಕಡಿಮೆ ಮಾಡಿದರೆ, ನಡೆದಾಡಿದರೆ ಎಲ್ಲರಿಗೂ ಒಳ್ಳೆಯದೇ. ಆದರೆ ಅದೇ ರೊಟ್ಟಿ ಒಬ್ಬರ ಮೈಗೆ ಹತ್ತುತ್ತದೆ, ಇನ್ನೊಬ್ಬರ ಮೈಯಲ್ಲಿ ಹೇಳಹೆಸರಿಲ್ಲದೆ ಹೋಗುತ್ತದೆ. ಎಷ್ಟು ಪಾಲು ತಟ್ಟೆಯದು, ಎಷ್ಟು ಪಾಲು ರಕ್ತದ್ದು ಎಂದು ದೊಡ್ಡ ದೊಡ್ಡ ಡಾಕ್ಟರುಗಳೇ ಇನ್ನೂ ತಲೆ ಕೆಡಿಸಿಕೊಂಡಿರುವಾಗ, ತಾವು ಒಂದೇ ವಾಕ್ಯದಲ್ಲಿ ಇತ್ಯರ್ಥ ಮಾಡಿದಿರಲ್ಲ! ಇನ್ನೊಂದು ಮಾತು. ಶಿಬಿರದಲ್ಲಿ ತಾವು ಮೈತೂಕ ನೋಡಿದಿರೇ ಹೊರತು ಯಾರ ರಕ್ತವನ್ನೂ ನೋಡಲಿಲ್ಲ. ಹೊರಗೆ ನಾವೇ ಪರೀಕ್ಷೆ ಮಾಡಿಸಿಕೊಂಡೆವು. ಅಕ್ಕನಿಗೆ ಬಿಪಿ ಇಲ್ಲ, ಸಕ್ಕರೆ ಇಲ್ಲ. ಸಕ್ಕರೆ ಕಾಯಿಲೆ ಇರುವುದು ಶಿಸ್ತಿನ ಮೂರ್ತಿಯಾದ ನನಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಇಷ್ಟು ದಿನ ನಗೆಚಾಟಿಕೆ ಅಂದುಕೊಂಡಿದ್ದೆ. ಅದು ಸರ್ಕಾರಿ ಕಾರ್ಯಕ್ರಮ ಎಂದು ಗೊತ್ತಿರಲಿಲ್ಲ.

ಈಗ ತಮ್ಮ ಸುತ್ತೋಲೆ ನಮ್ಮ ಮನೆಯಲ್ಲಿ ಏನು ಮಾಡಿತು ಎಂಬುದನ್ನು ಕೇಳಿ. ಅಕ್ಕ ಊಟ ಬಿಡಲು ನಿರ್ಧರಿಸಿದಳು. ಆದರೆ ನಮ್ಮವ್ವನ ಮನೆಯಲ್ಲಿ ಊಟ ಬಿಡುವುದು ಸುಲಭವಲ್ಲ, ಅರ್ಧ ರೊಟ್ಟಿ ಉಳಿಸಿದರೂ ಹಣೆ ಮುಟ್ಟಿ ನೋಡುವ ಜೀವ ಅದು. ಅದಕ್ಕೆ ಅಕ್ಕ ಒಂದು ಉಪಾಯ ಹೂಡಿದಳು. ಶ್ರಾವಣ ಹಿಡಿಯಿತು ನೋಡಿ, ಬಸವಣ್ಣನಿಗೆ ಒಪ್ಪತ್ತು ಹರಕೆ ಹೊತ್ತಿದ್ದೇನೆ ಎಂದುಬಿಟ್ಟಳು. ದೇವರ ಹರಕೆ ಎಂದ ಮೇಲೆ ಯಾವ ತಾಯಿ ಅಡ್ಡ ಬಂದಾಳು? ಅವ್ವ ತಾನೇ ಮುಂದೆ ನಿಂತು ಪೂಜೆ ಮಾಡಿಸಿದಳು, ಮಗಳ ಭಕ್ತಿಗೆ ಹಿಗ್ಗಿದಳು. ಆ ಒಪ್ಪತ್ತಿನ ಊಟವನ್ನೂ ಅಕ್ಕ ಡಬ್ಬಿ ಕಟ್ಟಿಸಿಕೊಂಡು ಹೋಗಿ, ಎರಡು ತುತ್ತು ಉಂಡು ಉಳಿದದ್ದನ್ನು ದಾರಿಯಲ್ಲಿ ನಾಯಿಗೆ ಹಾಕುತ್ತಿದ್ದಳು. ಶ್ರಾವಣ ಮುಗಿಯಿತು, ಹರಕೆ ಮುಗಿಯಲಿಲ್ಲ. ದಸರೆಯ ದಿನ ಡಾಬು ಕಟ್ಟಿದರೆ ಸೊಂಟದಲ್ಲಿ ನಿಲ್ಲದೆ ಕೆಳಗಿಳಿಯಿತು. ತಾವು ಅಲ್ಲಿದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಿರಿ. ಅವ್ವ ಅಲ್ಲೇ ಕುಸಿದು ಕೂತು, "ಏನಾಗೇತವ್ವಾ ನಿನಗ? ನನಗ ಮುಚ್ಚಿಡಬ್ಯಾಡ" ಎಂದು ಅತ್ತಳು. ಅಕ್ಕ, "ಏನೂ ಆಗಿಲ್ಲ ಬಿಡಬೇ, ಹರಕಿ ಐತಿ" ಎಂದು ಒಳಗೆ ಹೋದಳು.

ಮರುವಾರ ಸಿರುಗುಪ್ಪದಲ್ಲಿ ಹುಸೇನ್ ಬೀ ಎಂಬ ಹಿರಿಯರ ಮನೆಯಲ್ಲಿ ಮೊಮ್ಮಗುವಿಗೆ ಲಸಿಕೆ ಹಾಕಿ, ಮಗುವನ್ನು ತಾಯಿಯ ಕೈಗೆ ಕೊಟ್ಟು, ಅಕ್ಕ ಹೊಸ್ತಿಲಲ್ಲೇ ತಲೆಸುತ್ತಿ ಬಿದ್ದಳು. ಹುಸೇನ್ ಬೀ ಸಕ್ಕರೆ ನೀರು ಹಿಡಿದರೆ ನಮ್ಮಕ್ಕ ಆಗಲೂ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಬ್ಯಾಡ್ರಿ, ಒಪ್ಪತ್ತು ಐತಿ."

"ಜೀವ ಹೋಗಾಕ ಹತ್ತೈತಿ, ಒಪ್ಪತ್ತು ಅಂತಾಳ! ಯಾವ ದೇವ್ರು ಕೇಳ್ಯಾನ ಬೇಟಿ ಇದನ್ನ?"

"ದೇವ್ರಲ್ರಿ," ಅಂದಳಂತೆ ಅಕ್ಕ, "ನಮ್ಮ ಸಾಹೇಬ್ರು."

ಹುಸೇನ್ ಬೀ ಫೋನ್ ಮಾಡಿ ಇದನ್ನು ಹೇಳಿದಾಗಲೇ ನಮಗೆ ಹರಕೆಯ ನಿಜ ತಿಳಿದದ್ದು. ಅಭಿನಂದನೆಗಳು, ಮಾನ್ಯರೇ. ಉಪವಾಸ ಬೇಡುವ ದೇವರುಗಳ ಸಾಲಿಗೆ ತಾವೂ ಸೇರಿದಿರಿ. ಆದರೆ ನಮ್ಮ ದೇವರುಗಳು ಹರಕೆ ಮುಟ್ಟಿದ ಮೇಲೆ ಪ್ರಸಾದವನ್ನಾದರೂ ಕೊಡುತ್ತಾರೆ. ತಾವು ಕೊಟ್ಟದ್ದು ಕೆಲಸ ಮುಗಿಸುವ ಆ ಆದೇಶ: "ಕರ್ತವ್ಯದ ವೇಳೆ ಪ್ರಜ್ಞೆ ತಪ್ಪಿರುವುದರಿಂದ ಸದರಿ ನೌಕರರು ದೈಹಿಕವಾಗಿ ಅಸಮರ್ಥರೆಂದು ಕಂಡುಬಂದಿದೆ." ಉಂಡರೆ ಅನರ್ಹಳು, ಉಪವಾಸ ಬಿದ್ದರೆ ಅಸಮರ್ಥಳು. ಹಾಗಾದರೆ ಆಕೆ ಮಾಡಬೇಕಾಗಿದ್ದ ಸರಿಯಾದ ಆಯ್ಕೆ ಯಾವುದು? ಸುತ್ತೋಲೆ ಹೊರಡಿಸುವಷ್ಟು ಬುದ್ಧಿವಂತರು ಇದಕ್ಕೆ ಉತ್ತರಿಸಬೇಕು. ತಮ್ಮ ಬುದ್ಧಿಯ ಬಗ್ಗೆ ನನಗಿದ್ದ ಗೌರವ ಆ ಆದೇಶ ಓದುವ ಹೊತ್ತಿಗೇ ಮುಗಿದಿತ್ತು. ಈಗ ಉಳಿದಿರುವುದು ಹೇಸಿಗೆ ಮಾತ್ರ.

ಈ ಪತ್ರ ಬರೆಯುವುದನ್ನು ಅಕ್ಕ ನೋಡಿದಳು. "ಬ್ಯಾಡ ಶೀಲಾ, ಸಾಹೇಬ್ರು ಸಿಟ್ಟಾದ್ರ ಮುಂದ ಎಲ್ಲೂ ಕೆಲಸ ಸಿಗಂಗಿಲ್ಲ" ಎಂದಳು. ತಮಗೆ ಸಿಟ್ಟು ಬರಲಿ ಎಂದೇ ಬರೆಯುತ್ತಿದ್ದೇನೆ. ಆಕೆಯ ಗುತ್ತಿಗೆಯನ್ನು ತಿಂಗಳು ಮುಗಿಯುವುದರೊಳಗೆ ಮುಂದುವರಿಸಿ. ಆ ಸುತ್ತೋಲೆಯನ್ನು ಹಿಂದೆ ತೆಗೆದುಕೊಳ್ಳಿ. ಮೈಕಿನಲ್ಲಿ ಅಂಕಿ ಓದಿಸಿದ ಹಾಗೆಯೇ, ಅದೇ ಮೈಕಿನಲ್ಲಿ, ಅದೇ ಸಭೆ ಕರೆದು ತಪ್ಪಾಯಿತು ಎನ್ನಿ.

ಇಷ್ಟು ಮಾಡುವುದು ತಮ್ಮ ಕೈಯಲ್ಲಿದೆ. ತಮ್ಮ ಕೈಯಲ್ಲಿ ಇಲ್ಲದ್ದು ಒಂದಿದೆ, ಅದನ್ನೂ ಕೇಳುತ್ತೇನೆ. ಹರಕೆಯ ಸುಳ್ಳು ಬಯಲಾದ ಮೇಲೆ ಅಕ್ಕ ಮತ್ತೆ ಉಣ್ಣತೊಡಗಿದ್ದಾಳೆ. ಆದರೆ ನಮ್ಮ ಜೊತೆ ಕೂರುವುದಿಲ್ಲ. ತಟ್ಟೆ ತೆಗೆದುಕೊಂಡು ಹಿತ್ತಿಲಿಗೆ ಹೋಗುತ್ತಾಳೆ, ನಮಗೆ ಬೆನ್ನು ಮಾಡಿ ಗಬಗಬನೆ ನುಂಗಿ, ಯಾರೂ ಕಾಣದ ಹಾಗೆ ತಟ್ಟೆ ತೊಳೆದಿಡುತ್ತಾಳೆ. ಕದ್ದು ತಿನ್ನುವವರು ಹಾಗೆ ತಿನ್ನುತ್ತಾರೆ. ತಾನು ದುಡಿದು ತಂದ ಅಕ್ಕಿಯ ಅನ್ನವನ್ನು ನಮ್ಮಕ್ಕ ಹಾಗೆ ತಿನ್ನುತ್ತಿದ್ದಾಳೆ. ಆಕೆಯನ್ನು ಹಿತ್ತಿಲಿನಿಂದ ಒಳಗೆ ಕರೆತರುವುದು ಹೇಗೆ ಎಂದು ಒಂದು ಸುತ್ತೋಲೆ ಹೊರಡಿಸಿ.

ಇಂತಿ,
ಬೇಕಾದ್ದೆಲ್ಲ ತಿಂದು, ಏನೂ ಮಾಡದೆ ತೆಳ್ಳಗಿದ್ದು,
ಅಕ್ಕನನ್ನು ಅವಮಾನಿಸಲು ತಮಗೆ ಉದಾಹರಣೆಯಾಗಿ ಒದಗಿದ ನತದೃಷ್ಟೆ,
ಶೀಲಾ, ಕುರುಗೋಡು