ಒಂದು ಬದಿ ಕರಕಲಾದ ಅನಾನಸ್

ಅಪ್ಪಾ,

ನೀನು ಹೋದಮೇಲೆ ಪೆಟ್ಟಿಗೆಯಲ್ಲಿ ಸಿಕ್ಕ ನಿನ್ನ ಲೇಖನ ಹಿಡಿದು ಈ ದ್ವೀಪಕ್ಕೆ ಬಂದಿದ್ದೇನೆ. 'ದ್ವೀಪದಲ್ಲಿ ಮಾಡಲೇಬೇಕಾದ ಹತ್ತು ಕೆಲಸಗಳು', ಆಹಾ! ಲೈಟ್‌ಹೌಸ್ ಹತ್ತಿ ಸೂರ್ಯೋದಯ ನೋಡಿ ಎಂದಿದ್ದೀಯ. ಇಲ್ಲಿ ಲೈಟ್‌ಹೌಸೇ ಇಲ್ಲ. ಬಿಳಿ ಮರಳಿನಲ್ಲಿ ಬರಿಗಾಲಲ್ಲಿ ನಡೆಯಿರಿ ಎಂದಿದ್ದೀಯ. ಮರಳು ಕಪ್ಪು, ನನ್ನ ಅಂಗಾಲೆಲ್ಲ ಗುಳ್ಳೆ ಎದ್ದಿದೆ. ಬದುಕಿಡೀ ಒಂದು ದೋಣಿಯನ್ನೂ ಹತ್ತದೆ, ಪತ್ರಿಕಾ ಕಚೇರಿಯ ಫ್ಯಾನಿನ ಕೆಳಗೆ ಕೂತು ಕಡಲನ್ನು ವರ್ಣಿಸಿದ ಮಹಾನುಭಾವ ನೀನು! ಬುರುಡೆ ಬಿಡುವುದಕ್ಕೂ ಒಂದು ಮಿತಿ ಬೇಡವೇ?

ಒಂಬತ್ತನೆಯದು, ಉಪ್ಪು ಖಾರ ಸವರಿ ಸುಟ್ಟ ಅನಾನಸ್, 'ದ್ವೀಪದವರ ಪಂಚಪ್ರಾಣ'. ಅದೂ ಸುಳ್ಳೇ ಎಂದುಕೊಂಡಿದ್ದೆ. ಇವತ್ತು ಮಧ್ಯಾಹ್ನ ದಡದ ಹೋಟೆಲಿನಲ್ಲಿ ಸಿಕ್ಕಿಬಿಟ್ಟಿತು.

"ಇದನ್ನ ಇಲ್ಲಿ ಯಾರೂ ತಿಂತಿರ್ಲಿಲ್ಲ ನೋಡಮ್ಮ," ಎಂದಳು ಅಡುಗೆಯಾಕೆ. "ಬಂದವರೆಲ್ಲ ಪೇಪರ್ ತುಂಡು ಹಿಡ್ಕೊಂಡು ತಲೆ ತಿಂದ್ರು. ಸಾಕಾಗಿ ನಾನೇ ಮಾಡೋಕೆ ಶುರು ಮಾಡ್ದೆ. ಒಂದು ಬದಿ ಕರಕಲಾಗಿರ್ಬೇಕು ಅಂತ ಬೇರೆ ಬರ್ದಿದ್ದಾನೆ ಪುಣ್ಯಾತ್ಮ! ಎಲ್ಲಿ ತಿಂದಿದ್ನೋ ಏನೋ."

ಎಲ್ಲಿ ಎಂದು ನನಗೆ ಗೊತ್ತು. ಅಮ್ಮ ಆಸ್ಪತ್ರೆಯಲ್ಲಿದ್ದ ವಾರ ನಾನು ಊಟ ಬೇಡವೆಂದು ಹಟ ಹಿಡಿದಾಗ, ಅಡುಗೆ ಬಾರದ ನೀನು ಕಾವಲಿಯ ಮೇಲೆ ಅನಾನಸ್ ಸುಟ್ಟು, ಒಂದು ಬದಿ ಕರಕಲು ಮಾಡಿ ತಂದಿದ್ದೆ. ನಾನು ತಟ್ಟೆಯನ್ನು ಆಚೆ ತಳ್ಳಿದ್ದೆ.

ಇವತ್ತಿನದೂ ಕರಕಲೇ, ಉಪ್ಪು ಬೇರೆ ಜಾಸ್ತಿ.

ಎರಡು ತಟ್ಟೆ ತಿಂದೆ.