ಎಳೆಯ ನೆತ್ತಿ

ರಾಜಾಜಿನಗರ, 12-8-1976

...ಏಳು ತಿಂಗಳಿಗೆ ಹುಟ್ಟಿದ ಮಗು ಗಟ್ಟಿ ಎಂದು ನೀನೊಮ್ಮೆ ಹೇಳಿದ್ದೆ. ನಂಬಿ ಹೇಳಿದೆಯೋ, ಧೈರ್ಯಕ್ಕೆ ಹೇಳಿದೆಯೋ, ಈಗ ಕೇಳಲು ನೀನಿಲ್ಲ. ನಮ್ಮ ಮೊಮ್ಮಗಳು, ಜಲಜಾಳ ಮಗಳೂ, ಏಳಕ್ಕೇ ಹುಟ್ಟಿದಳು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದಳು.

ಬೆಳೆಯುವ ಮಿದುಳಿನ ಜೀವಕೋಶಗಳು ರಕ್ತನಾಳಗಳನ್ನು ತಮ್ಮತ್ತ ಕರೆಯುತ್ತವಂತೆ. ನಾಳಗಳು ಬಂದು ಅವಕ್ಕೆ ಉಸಿರು ಕೊಡುತ್ತವೆ, ಕೋಶಗಳು ನಾಳಗಳಿಗೆ ಆಸರೆಯಾಗುತ್ತವೆ. ಈ ಮಗುವಿನಲ್ಲಿ ನಾಳಗಳು ಬಂದಿವೆ, ಆಸರೆ ಇನ್ನೂ ಸಾಲದು. "ತಲೆ ಮಾತ್ರ ಒತ್ತಿಸಬೇಡಿ ಸಾರ್. ಒಳಗೆ ನಾಳ ಒಡೆದ್ರೆ ಹೊರಗೆ ಕಾಣಲ್ಲ," ಎಂದರು ಡಾಕ್ಟರು.

ಇವತ್ತು ಬೆಳಿಗ್ಗೆ ಬಚ್ಚಲಿಗೆ ಹೋಗಿ ನೋಡಿದರೆ, ಕುರುಬರಹಳ್ಳಿಯ ನರಸಮ್ಮ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ತಲೆ ಗುಂಡಗಾಗಲೆಂದು ಎಣ್ಣೆಗೈಯಲ್ಲಿ ಎರಡೂ ಬದಿ ಹಿಡಿದಿದ್ದಳು. ಮಗುವಿಗೆ ನೀರು ಹಾಕಲು ಬಾ ಎಂದು ಹೇಳಿಕಳಿಸಿದವನು ನಾನೇ. ತಲೆಯ ವಿಷಯ ಹೇಳಿರಲಿಲ್ಲ.

"ಬಿಡು!" ಎಂದು ಕೂಗಿದೆ.

"ಅಯ್ಯೋ ಸಾಮಿ, ಇನ್ನೂ ಒತ್ತೇ ಇಲ್ಲ," ಎಂದು ಸಿಡುಕಿದಳು. "ಆವತ್ತು ಸೇತು ಮಗೀಗೆ ಅಮ್ಮೋರು ಬ್ಯಾಡ ಅಂತ ಅತ್ರೂ, ನೀವೇ ಒತ್ತಮ್ಮ ಅಂದಿದ್ರಿ. ಈಗ ನಿಮ್ಗೇ ಭಯಾನಾ?"

ನಮ್ಮ ಮೊದಲನೆಯವನು, ಸೇತುರಾಮ, ಅವನೂ ಏಳಕ್ಕೇ ಹುಟ್ಟಿದ್ದ; ಹನ್ನೆರಡು ದಿನ ಇದ್ದ.

ಮಗು ಈಗ ಮಲಗಿದೆ. ಗಳಿಗೆಗೊಮ್ಮೆ ಎದ್ದು ಹೋಗಿ ಅದರ ಮೂಗಿನ ಬಳಿ ಬೆರಳು ಹಿಡಿದು ಬರುತ್ತಿದ್ದೇನೆ. ಅವನು ಹೋದ ಮೇಲೆ ನೀನು ಹತ್ತೊಂಬತ್ತು ವರ್ಷ ನನ್ನ ಜೊತೆ ಇದೇ ಮನೆಯಲ್ಲಿದ್ದೆ. ಒತ್ತಿಸಿದವರು ನೀವೇ ಎಂಬ ಮಾತನ್ನು ಒಮ್ಮೆಯಾದರೂ ನನ್ನ ಮುಖಕ್ಕೆ ಆಡಲಿಲ್ಲವೇಕೆ, ಅನಂತಲಕ್ಷ್ಮಿ?